ಬಾಯಿ ಒಣಗಿದರೆ ಭಯ, ನೀರೂರಿದರೆ ವಾಕರಿಕೆ

ರಜೆ ಹತ್ತಿರ ಬಂತು ಅನ್ನುವುದು ನನಗೆ ಕ್ಯಾಲೆಂಡರ್‌ಗಿಂತ ಮುಂಚೆ ಓದುಗರ ಪತ್ರಗಳಿಂದಲೇ ಗೊತ್ತಾಗುತ್ತದೆ. ಕಿವಿ, ಮೂಗು, ಗಂಟಲಿನ ವೈದ್ಯರಿಗೆ ವಾಂತಿಯ ಪ್ರಶ್ನೆ ಯಾಕೆ ಬರುತ್ತದೆ ಎಂದು ಕೇಳಬೇಡಿ. ಮೊದಲ ಉತ್ತರದಲ್ಲೇ ಅದು ತಿಳಿಯುತ್ತದೆ.

ಪ್ರಶ್ನೆ: ಡಾಕ್ಟ್ರೇ, ನನಗೆ 36 ವರ್ಷ. ತವರು ಸುಳ್ಯ, ಈಗ ಮೈಸೂರಲ್ಲಿದ್ದೇವೆ. ತವರಿಗೆ ಹೊರಟರೆ ಸಂಪಾಜೆ ಘಾಟಿಯಲ್ಲಿ ಒಂದು ಸಲವಾದರೂ ವಾಂತಿ ಆಗಲೇಬೇಕು. ಮನೆಯಲ್ಲಿ ಎಲ್ಲರೂ ‘ಪಿತ್ತ ಜಾಸ್ತಿ’ ಅನ್ನುತ್ತಾರೆ. ಮುಂದಿನ ತಿಂಗಳು ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದುಕೊಂಡು ಹೋಗುತ್ತಿದ್ದೇವೆ. ರೋಲರ್ ಕೋಸ್ಟರ್‌ನಲ್ಲಿ ಅಮ್ಮನೇ ಪಕ್ಕ ಕೂರಬೇಕು ಅಂತ 11 ವರ್ಷದ ಮಗಳ ಹಟ. ಅಪ್ಪನ ಜೊತೆ ಹೋಗು ಅಂದರೆ ಕೇಳಲ್ಲ. ಮೇಲೆ ಹೋದಮೇಲೆ ವಾಂತಿ ಬಂದರೆ ಏನು ಗತಿ? ಆ ಯೋಚನೆಗೇ ರಾತ್ರಿ ಹೊಟ್ಟೆ ತೊಳಸುತ್ತದೆ. ನಾನು ಹತ್ತಬಹುದಾ, ಇಲ್ಲಾ ಕೆಳಗೆ ಬ್ಯಾಗ್ ಕಾಯುತ್ತಾ ಕೂರಲಾ?

ಉತ್ತರ: ಮೊದಲು ಪಿತ್ತದ ಮೇಲಿನ ಆರೋಪ ತೆಗೆಯೋಣ. ವಾಂತಿ ಹೊಟ್ಟೆಯಿಂದ ಬರುತ್ತದೆ, ನಿಜ. ಆದರೆ ತಕರಾರು ಶುರುವಾಗುವುದು ಕಿವಿಯಲ್ಲಿ. ಒಳಕಿವಿಯಲ್ಲಿ ಅರ್ಧ ಬಳೆಯಂಥ ಮೂರು ಸಣ್ಣ ಕೊಳವೆಗಳಿವೆ. ಒಳಗೆ ದ್ರವ ಇದೆ. ತಲೆ ತಿರುಗಿದಾಗ ಆ ದ್ರವ ಹಿಂದೆ ಉಳಿಯುತ್ತದೆ, ಅದರಿಂದ ಮೆದುಳಿಗೆ ‘ತಿರುಗಿದೆವು’ ಎಂಬ ಸುದ್ದಿ ಹೋಗುತ್ತದೆ. ಪಕ್ಕದಲ್ಲೇ ಸುಣ್ಣದ ಕಣಗಳಿರುವ ಎರಡು ಚೀಲಗಳಿವೆ. ಮೇಲೆ ಹೋದೆವಾ, ಕೆಳಗೆ ಬಿದ್ದೆವಾ, ವಾಲಿದೆವಾ ಎಂದು ಹೇಳುವುದು ಅವು. ಬಸ್ಸಿನಲ್ಲಿ ನೀವು ಮೊಬೈಲ್ ನೋಡುತ್ತಾ ಕೂತಿದ್ದೀರಿ ಅಂದುಕೊಳ್ಳಿ. ಕಣ್ಣು ‘ಸುಮ್ನೆ ಕೂತಿದ್ದೀವಿ’ ಅನ್ನುತ್ತದೆ. ಕಿವಿ ‘ಎಡಕ್ಕೆ ತಿರುಗಿದೆವು, ಈಗ ಬಲಕ್ಕೆ, ಮತ್ತೆ ಎಡಕ್ಕೆ’ ಅನ್ನುತ್ತದೆ. ಇಬ್ಬರ ಮಾತೂ ತಾಳೆಯಾಗದೆ ಮೆದುಳು ಗಲಿಬಿಲಿಗೊಳ್ಳುತ್ತದೆ. ಆ ಜಗಳದ ಶಿಕ್ಷೆ ಪಾಪ ಹೊಟ್ಟೆಗೆ.

ಕಿವಿಯ ಕೈವಾಡ ಎಷ್ಟು ಅಂದರೆ, ಒಳಕಿವಿಯ ಈ ಭಾಗ ಎರಡೂ ಕಡೆ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಹಡಗಿನಲ್ಲೂ ವಾಂತಿ ಬರುವುದಿಲ್ಲ. ಹುಟ್ಟಿನಿಂದ ಕಿವಿ ಕೇಳಿಸದ ಎಷ್ಟೋ ಜನರಿಗೆ ಗಿರಗಿರ ತಿರುಗಿಸಿದರೂ ತಲೆ ಸುತ್ತುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1882ರಲ್ಲೇ ಬರೆದಿದ್ದರು. ಅಂದರೆ ನಿಮ್ಮ ಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಸ್ವಲ್ಪ ಜಾಸ್ತಿಯೇ ಚೆನ್ನಾಗಿ. ನಾನೂ ಇದೇ ಪಂಗಡದವನು. ಚಾರ್ಮಾಡಿ ಘಾಟಿಯ ತಿರುವುಗಳನ್ನು ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಎಣಿಸಿ ಬೆಳೆದವನು.

ಈಗ ನಿಮ್ಮ ರೋಲರ್ ಕೋಸ್ಟರ್‌ಗೆ ಬರೋಣ. ನೋಡಲು ಭಯಂಕರವಾಗಿರುವ ಆಟವೇ ವಾಂತಿ ತರಿಸುವ ಆಟ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ವಾಕರಿಕೆ ಏರಲು ಸಮಯ ಬೇಕು. ಕೋಸ್ಟರ್ ಓಡುವುದು ಹೆಚ್ಚೆಂದರೆ ಎರಡು ಮೂರು ನಿಮಿಷ, ಅದರಲ್ಲೂ ಒಂದಷ್ಟು ಹೊತ್ತು ಮೇಲೆ ಏರುವುದರಲ್ಲೇ ಹೋಗುತ್ತದೆ. ಸಂಪಾಜೆಯಲ್ಲಿ ನಿಮ್ಮನ್ನು ಎಷ್ಟು ಹೊತ್ತು ಅಲ್ಲಾಡಿಸುತ್ತಾರೆ, ಲೆಕ್ಕ ಹಾಕಿ ನೋಡಿ. ಕೋಸ್ಟರ್‌ನಲ್ಲಿ ಇನ್ನೊಂದು ಅನುಕೂಲವೂ ಇದೆ. ಮುಂದೆ ಹಳಿ ಕಾಣುತ್ತದೆ. ಕಣ್ಣಿಗೂ ಕಿವಿಗೂ ಒಂದೇ ಸುದ್ದಿ.

ನಿಮ್ಮಂಥವರಿಗೆ ನಿಜವಾದ ಶತ್ರು ಯಾರು ಗೊತ್ತೇ? ದೋಣಿಯ ಹಾಗೆ ತೂಗುವ ಆ ಕೊಲಂಬಸ್. ಮಕ್ಕಳು, ಅಜ್ಜಿಯರು ಎಲ್ಲ ನಗುನಗುತ್ತಾ ಕೂತಿರುತ್ತಾರೆ, ಮೆತ್ತಗಿನ ಆಟದಂತೆ ಕಾಣುತ್ತದೆ. ಆದರೆ ಮನುಷ್ಯನಿಗೆ ಅತಿ ಹೆಚ್ಚು ವಾಕರಿಕೆ ತರುವುದು ಸುಮಾರು ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನದ ತೂಗಾಟ. ಕಡಲಲ್ಲಿ ಹಡಗು ತೂಗುವುದೂ ಹೆಚ್ಚುಕಡಿಮೆ ಇದೇ ಲಯದಲ್ಲಿ. ಈಗ ಹೈಸ್ಕೂಲಿನ ಲೋಲಕದ ಪಾಠ ನೆನಪಿಸಿಕೊಳ್ಳಿ. 10 ಮೀಟರ್ ಉದ್ದದ ಲೋಲಕ ಒಂದು ಸಲ ಹೋಗಿ ಬರಲು ಆರು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ದೊಡ್ಡ ಕೊಲಂಬಸ್ ಅಂದರೆ ಹತ್ತಿರ ಹತ್ತಿರ ಅಂಥದ್ದೇ ಲೋಲಕ. ಯಾರೋ ನಮ್ಮ ಹೊಟ್ಟೆಯನ್ನೇ ಅಳತೆ ಹಿಡಿದು ಮಾಡಿಸಿದ ಹಾಗಿದೆ. ಹತ್ತಲೇಬೇಕು ಅಂತಾದರೆ ನಡುವಿನ ಸಾಲಿನಲ್ಲಿ ಕೂರಿ. ಎರಡೂ ತುದಿಗಳಲ್ಲಿ ಏರಿಳಿತ ಜಾಸ್ತಿ.

ಎರಡನೇ ಶತ್ರು, ಗಿರಗಿರ ತಿರುಗಿಸುವ ಆಟಗಳು. ಒಂದೇ ವೇಗದಲ್ಲಿ ತಿರುಗುತ್ತಿದ್ದರೆ 15–20 ಸೆಕೆಂಡಿನಲ್ಲಿ ಕಿವಿಯ ದ್ರವವೂ ನಮ್ಮ ಜೊತೆಗೇ ತಿರುಗಲು ಶುರುಮಾಡುತ್ತದೆ. ಆಟ ನಿಂತಾಗ ನಾವು ನಿಲ್ಲುತ್ತೇವೆ, ದ್ರವ ನಿಲ್ಲುವುದಿಲ್ಲ. ಅದಕ್ಕೇ ಇಳಿದಮೇಲೆ ಭೂಮಿ ಉಲ್ಟಾ ತಿರುಗಿದ ಹಾಗೆ ಅನಿಸುವುದು. ತಿರುಗುವಾಗ ತಲೆ ಬಗ್ಗಿಸಿದರಂತೂ ಮುಗಿಯಿತು, ಬೇರೆ ಕೊಳವೆಗಳೂ ಜಗಳಕ್ಕೆ ಇಳಿಯುತ್ತವೆ. ನನ್ನನ್ನು ಕೇಳಿದರೆ ಈ ಗುಂಪಿನ ಆಟಗಳನ್ನು ಮಗಳು ಅಪ್ಪನ ಜೊತೆ ಆಡಲಿ. ನಿಮಗೆ ಬೇಡ. ಇದರಲ್ಲಿ ನಾಚಿಕೆ ಏನೂ ಇಲ್ಲ. ಬೀಗಲ್ ಹಡಗಿನಲ್ಲಿ ಸುಮಾರು ಐದು ವರ್ಷ ಸುತ್ತಿದ ಚಾರ್ಲ್ಸ್ ಡಾರ್ವಿನ್‌ಗೆ ಕೊನೆಯವರೆಗೂ ಸಮುದ್ರ ಹಿಡಿಸಲಿಲ್ಲ.

ಇನ್ನು ನಿಮ್ಮ ರಾತ್ರಿಯ ಹೊಟ್ಟೆ ತೊಳಸಾಟ. ಮಂಚದ ಮೇಲೆ ಮಲಗಿದ್ದಾಗ ಕಿವಿಗೂ ಕಣ್ಣಿಗೂ ಜಗಳ ಇರುವುದಿಲ್ಲ ಅಲ್ವಾ? ಹಾಗಾಗಿ ಅದು ಭಯ. ಎರಡನ್ನೂ ಬೇರೆ ಮಾಡಿ ನೋಡುವುದು ಕಲಿತರೆ ಅರ್ಧ ಕೆಲಸ ಆದಂತೆ. ನಾನು ಬಾಯಿಯನ್ನು ನೋಡಿಕೊಳ್ಳಿ ಎನ್ನುತ್ತೇನೆ. ಬಾಯಿ ಒಣಗಿ, ಎದೆ ಡಬಡಬ ಹೊಡೆದುಕೊಂಡು, ಕೈ ತಣ್ಣಗಾದರೆ ಬಹುಮಟ್ಟಿಗೆ ಭಯ. ಬಾಯಲ್ಲಿ ನೀರೂರಿ, ಆಕಳಿಕೆ ಬಂದು, ಮುಖ ಬಿಳಿಚಿ, ತಣ್ಣನೆ ಬೆವರೊಡೆದರೆ ವಾಕರಿಕೆ ಶುರುವಾಗಿದೆ ಅಂತ. ಕೋಸ್ಟರ್ ಕೆಳಗೆ ಧುಮುಕಿದಾಗ ಹೊಟ್ಟೆಯಲ್ಲಿ ಏನೋ ಜಾರಿದಂತೆ ಆಗುತ್ತದಲ್ಲ, ಅದು ಎರಡೂ ಅಲ್ಲ. ದೇಹ ಕ್ಷಣಕಾಲ ತೂಕ ಕಳೆದುಕೊಂಡಾಗ ಎಲ್ಲರಿಗೂ ಆಗುವ ಅನುಭವ ಅದು. ಅದನ್ನು ವಾಂತಿ ಬರುವ ಲಕ್ಷಣ ಎಂದುಕೊಂಡು ಎಷ್ಟೋ ಜನ ಸುಮ್ನೆ ಗಾಬರಿಯಾಗುತ್ತಾರೆ. ಆ ಗಾಬರಿಯೇ ನಿಜವಾದ ವಾಕರಿಕೆಯನ್ನೂ ಕರೆದು ತರುತ್ತದೆ.

ಇನ್ನೂ ಒಂದು ತಿಂಗಳಿದೆ. ಮನೆ ಹತ್ತಿರದ ಪಾರ್ಕಿನಲ್ಲಿ ಮಕ್ಕಳ ಜೊತೆ ಉಯ್ಯಾಲೆ ಆಡಿ. ದಿನಾ ಎರಡು ನಿಮಿಷದಿಂದ ಶುರುಮಾಡಿ. ಸ್ವಲ್ಪ ಹೊಟ್ಟೆ ತೊಳಸಿದಂತೆ ಅನಿಸಿದ ಕೂಡಲೇ ಇಳಿದುಬಿಡಿ, ಹಟ ಹಿಡಿದು ಕೂರಬೇಡಿ. ಮೆದುಳಿಗೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು, ಹಿಂಸೆ ಕೊಟ್ಟರೆ ಅದು ಉಲ್ಟಾ ಪಾಠ ಕಲಿಯುತ್ತದೆ.

ಹೊರಡುವ ದಿನ ಕಾರಿನ ಮುಂದಿನ ಸೀಟು ನಿಮ್ಮದೇ. ಬಿಡದಿ ಅಂದಮೇಲೆ ತಟ್ಟೆ ಇಡ್ಲಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಒಂದು ಇಡ್ಲಿ ತಿನ್ನಿ. ಮೇಲಿನ ಬೆಣ್ಣೆ, ಪಕ್ಕದ ವಡೆ ಯಜಮಾನರಿಗೆ ದಾಟಿಸಿ. ಖಾಲಿ ಹೊಟ್ಟೆಯಲ್ಲಿ ಹೋಗುವುದೂ ತಪ್ಪೇ, ಅದರಿಂದ ವಾಕರಿಕೆ ಹೆಚ್ಚುತ್ತದೆ. ತಿಂದು ಒಂದೂವರೆ ಗಂಟೆ ಕಳೆಯಲಿ. ನಿಮಗೆ ಆಡಬೇಕಿರುವ ಕೋಸ್ಟರ್ ಬೆಳಿಗ್ಗೆಯೇ ಆಗಿಬಿಡಲಿ. ವಾಕರಿಕೆ ಒಂದರ ಮೇಲೊಂದು ಜಮೆಯಾಗುವಂಥದ್ದು. ಮೂರು ಆಟ ಮುಗಿಸಿ ಬಂದ ಕಿವಿಗೆ ನಾಲ್ಕನೆಯದು ಭಾರ.

ಸೀಟಿನಲ್ಲಿ ಕೂತಮೇಲೆ ತಲೆಯನ್ನು ಹಿಂದಕ್ಕೆ ಒರಗಿಸಿ, ಅಲ್ಲಾಡಿಸಬೇಡಿ. ಕಣ್ಣು ತೆರೆದಿರಲಿ, ನೋಟ ಮುಂದಿನ ಹಳಿಯ ಮೇಲಿರಲಿ. ಕೊನೆಯ ಸಾಲು ಬೇಡ, ಇಳಿಜಾರಿನಲ್ಲಿ ಎಳೆತ ಅಲ್ಲಿ ಜಾಸ್ತಿ. ಮೇಲೆ ಏರುವಾಗ ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಉಸಿರನ್ನು ಹಿಡಿತದಲ್ಲಿ ಇಟ್ಟುಕೊಂಡರೆ ವಾಕರಿಕೆ ತಡವಾಗುತ್ತದೆ. ಮಗಳು ಕಿರುಚಿದರೆ ನೀವೂ ಕಿರುಚಿ. ಯಾರೂ ಏನೂ ಅಂದುಕೊಳ್ಳಲ್ಲ.

ಮೇಲೆಯೇ ವಾಂತಿ ಆದರೆ? ಅಷ್ಟು ಚಿಕ್ಕ ಓಟದಲ್ಲಿ ಆಗುವುದು ಕಡಿಮೆ. ಸಾಮಾನ್ಯವಾಗಿ ಇಳಿದಮೇಲೇ ಆಗುತ್ತದೆ. ಆಟಕ್ಕೆ ಕೈಯಲ್ಲಿ ಏನೂ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಒಂದು ಕವರು ಮತ್ತು ನೀರಿನ ಬಾಟಲಿ ಯಜಮಾನರ ಕೈಯಲ್ಲಿ ಇಳಿಯುವ ಬಾಗಿಲ ಹತ್ತಿರ ಇರಲಿ. ಸಾಲಿನಲ್ಲಿ ನಿಂತಾಗ ಮನಸ್ಸು ಒಪ್ಪದಿದ್ದರೆ ಪಕ್ಕಕ್ಕೆ ಸರಿದು ವಾಪಸ್ ಬರಬಹುದು. ಇದನ್ನು ಮಗಳಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಅಲ್ಲಿ ನಿಂತು ಚೌಕಾಸಿ ಮಾಡುವುದು ಕಷ್ಟ.

ಗರ್ಭಿಣಿಯಾಗಿದ್ದರೆ, ಹೃದಯದ ತೊಂದರೆ, ಹಿಡಿತಕ್ಕೆ ಬಾರದ ಬಿಪಿ, ಕುತ್ತಿಗೆ ಅಥವಾ ಬೆನ್ನಿನ ನೋವು, ಫಿಟ್ಸ್ ಇದ್ದರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಆಗ ಬ್ಯಾಗ್ ಕಾಯಿರಿ. ಇಲ್ಲದಿದ್ದರೆ ಒಂದು ಸಲ ಹತ್ತಿ.

ಪ್ರಶ್ನೆ: ಮಗನಿಗೆ 9 ವರ್ಷ. ಶಾಲೆಯ ಪ್ರವಾಸಕ್ಕೆ ಹೊರಟಿದ್ದಾನೆ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ಮನೆಯಲ್ಲಿದೆ. ಬೆಳಿಗ್ಗೆ ಅದನ್ನೇ ಕೊಟ್ಟು ಕಳಿಸಲೇ? ಶುಂಠಿ, ನಿಂಬೆಹಣ್ಣು ಸಾಕಾಗುತ್ತದೆಯೇ?

ಉತ್ತರ: ಬಹಳ ಮನೆಗಳಲ್ಲಿ ಆಗುವ ತಪ್ಪು ಇದು. ಒಂಡಾನ್ಸೆಟ್ರಾನ್ ಒಳ್ಳೆಯ ಔಷಧವೇ. ಹೊಟ್ಟೆ ಕೆಟ್ಟು ವಾಂತಿಯಾದಾಗ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಪ್ರಯಾಣದ ವಾಂತಿ ತಡೆಯುವುದರಲ್ಲಿ ಅದು ಅಷ್ಟಕ್ಕಷ್ಟೇ. ಜಗಳ ಕಿವಿಯಲ್ಲಿ, ಪೊಲೀಸರನ್ನು ಕಳಿಸಿದ್ದು ಬೇರೆ ಬೀದಿಗೆ.

ಇದಕ್ಕೆ ಕೊಡುವ ಔಷಧಗಳು ಪ್ರೊಮೆಥಜೈನ್, ಸಿನ್ನಾರಿಜೈನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜೈನ್. ಯಾವುದು, ಎಷ್ಟು ಎನ್ನುವುದನ್ನು ಮಗುವಿನ ತೂಕ ನೋಡಿ ನಿಮ್ಮ ಮಕ್ಕಳ ಡಾಕ್ಟರೇ ಹೇಳಬೇಕು. ಎರಡು ವರ್ಷಕ್ಕಿಂತ ಚಿಕ್ಕ ಮಗುವಿಗೆ ಪ್ರೊಮೆಥಜೈನ್ ಕೊಡಲೇಬಾರದು. ವಾಕರಿಕೆ ಶುರುವಾದ ಮೇಲೆ ನುಂಗಿದರೆ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ, ಇಲ್ಲಾ ವಾಂತಿಯ ಜೊತೆ ಆಚೆ ಬರುತ್ತದೆ. ಮಾತ್ರೆ ಯಾವುದು ಎನ್ನುವುದರ ಮೇಲೆ ಅರ್ಧ ಗಂಟೆಯಿಂದ ಎರಡು ಗಂಟೆ ಮೊದಲೇ ಕೊಡಬೇಕು. ಎಲ್ಲವೂ ನಿದ್ದೆ ಬರಿಸುತ್ತವೆ, ಕೆಲವು ಮಕ್ಕಳಲ್ಲಿ ಉಲ್ಟಾ ಚಡಪಡಿಕೆ ತರುತ್ತವೆ. ಹಾಗಾಗಿ ಮೊದಲ ಪ್ರಯೋಗ ಪ್ರವಾಸದ ದಿನವೇ ಬೇಡ, ಅದಕ್ಕೂ ಮುಂಚೆ ಒಂದು ಭಾನುವಾರ ಮನೆಯಲ್ಲೇ ಆಗಲಿ. ಕರೆದುಕೊಂಡು ಹೋಗುವ ಟೀಚರಿಗೂ ವಿಷಯ ತಿಳಿಸಿ. ದೊಡ್ಡವರಿಗೆ ಇನ್ನೊಂದು ಮಾತು: ಇವನ್ನು ನುಂಗಿ ಗಾಡಿ ಓಡಿಸಬೇಡಿ, ಮದ್ಯದ ಜೊತೆಗಂತೂ ಬೇಡವೇ ಬೇಡ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಶುಂಠಿ ಕೆಲವರಿಗೆ ಆಗಿಬರುತ್ತದೆ, ಕೆಲವರಿಗೆ ಇಲ್ಲ. ನಷ್ಟವೇನಿಲ್ಲ, ಒಂದು ಚೂರು ಕಟ್ಟಿಕೊಡಿ. ನಿಂಬೆಹಣ್ಣು ಮೂಸುವುದೂ ಅಷ್ಟೇ. ಬಸ್ಸಿನ ಡೀಸೆಲ್ ವಾಸನೆಗಿಂತ ಅದು ವಾಸಿ ಎಂದು ಅನುಭವದಿಂದ ಹೇಳಬಲ್ಲೆ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಸೀಟು ಬೇಡ. ಬಸ್ಸಿನ ಹಿಂದಿನ ಚಕ್ರಕ್ಕಿಂತ ಮುಂದೆ, ಕಿಟಕಿಯ ಪಕ್ಕ ಕೂರಿಸಲು ಹೇಳಿ. ಈ ವಯಸ್ಸಿನಲ್ಲೇ ಇದು ಅತಿ ಹೆಚ್ಚು ಕಾಡುವುದು. ದೊಡ್ಡವನಾದಂತೆ ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ: ನನಗೆ 24. ಎಂಥ ಕೋಸ್ಟರ್ ಆದರೂ ಸರಿ, ಏನೂ ಆಗಲ್ಲ. ಆದರೆ ಕತ್ತಲ ಕೋಣೆಯಲ್ಲಿ ಕುರ್ಚಿ ಅಲ್ಲಾಡಿಸುತ್ತಾ ತೋರಿಸುವ ತ್ರೀಡಿ ಸಿನಿಮಾದಲ್ಲಿ ಐದೇ ನಿಮಿಷಕ್ಕೆ ವಾಂತಿ ಬಂತು. ಗೆಳೆಯರು ನಗುತ್ತಿದ್ದಾರೆ.

ಉತ್ತರ: ನಗಲಿ ಬಿಡಿ. ಕೋಸ್ಟರ್‌ನಲ್ಲಿ ಕಣ್ಣು, ಕಿವಿ ಎರಡೂ ‘ಬೀಳುತ್ತಿದ್ದೇವೆ’ ಎಂದು ಒಪ್ಪುತ್ತವೆ. ಸಿನಿಮಾದಲ್ಲಿ ಕಣ್ಣು ಬೆಟ್ಟದಿಂದ ಬೀಳುತ್ತಿದೆ, ಕಿವಿಗೆ ಸಿಕ್ಕಿದ್ದು ಕುರ್ಚಿಯ ನಾಲ್ಕು ಕುಲುಕಾಟ ಅಷ್ಟೇ. ಮೊದಲ ಪ್ರಶ್ನೆಯ ಬಸ್ಸನ್ನು ತಿರುಗಿಸಿ ಇಟ್ಟ ಹಾಗೆ. ಮುಖಕ್ಕೆ ಕಟ್ಟಿಕೊಳ್ಳುವ ವಿಆರ್ ಪೆಟ್ಟಿಗೆಯಲ್ಲೂ ಇದೇ ಕಥೆ. ಮುಂದಿನ ಸಲ ಹಿಂದಿನ ಸಾಲಿನಲ್ಲಿ ಕೂರಿ, ಪರದೆಯ ಅಂಚು, ಗೋಡೆ ಎಲ್ಲ ಕಾಣುವಂತಿರಲಿ. ತಾಳಲಾಗದಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಇಲ್ಲಿ ಜಗಳ ತೆಗೆದದ್ದೇ ಕಣ್ಣು, ಅದನ್ನು ಮುಚ್ಚಿದರೆ ಬಹುಪಾಲು ಶಾಂತಿ.

ಪ್ರಶ್ನೆ: ವಯಸ್ಸು 57. ಕಳೆದ ವಾರ ಮೊಮ್ಮಕ್ಕಳ ಜೊತೆ ಕುಲುಕಾಡಿಸುವ ಒಂದು ಆಟಕ್ಕೆ ಹತ್ತಿದ್ದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನದಿಂದ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯೇ ತಿರುಗಿದಂತೆ ಆಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಇದೂ ಪ್ರಯಾಣದ ವಾಕರಿಕೆಯೇ?

ಉತ್ತರ: ಅಲ್ಲ. ಪ್ರಯಾಣದ ವಾಕರಿಕೆ ಇಳಿದ ಸ್ವಲ್ಪ ಹೊತ್ತಿಗೇ ಅಥವಾ ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗಿಬಿಡಬೇಕು. ನೀವು ಹೇಳುತ್ತಿರುವುದು ಒಳಕಿವಿಯ ಸುಣ್ಣದ ಕಣಗಳು ಜಾಗ ಬಿಟ್ಟು ಕೊಳವೆಯೊಳಗೆ ಸರಿದಾಗ ಆಗುವ ತಲೆಸುತ್ತಿನಂತಿದೆ. ತಲೆಗೆ ಪೆಟ್ಟು ಬಿದ್ದಾಗ, ಜೋರಾಗಿ ಕುಲುಕಿದಾಗ ಹೀಗಾಗಬಹುದು. ಏನೂ ಕಾರಣವಿಲ್ಲದೆಯೂ ಆಗುತ್ತದೆ, 50 ದಾಟಿದವರಲ್ಲಿ ಸಾಮಾನ್ಯ. ಇದಕ್ಕೆ ವಾರಗಟ್ಟಲೆ ಮಾತ್ರೆ ನುಂಗಬೇಕಾಗಿಲ್ಲ. ಯಾವ ಕಿವಿ ಎಂದು ಪರೀಕ್ಷೆ ಮಾಡಿ ನೋಡಿ, ಮಂಚದ ಮೇಲೆ ಮಲಗಿಸಿ ತಲೆಯನ್ನು ಕ್ರಮವಾಗಿ ತಿರುಗಿಸಿ, ಕಣಗಳನ್ನು ವಾಪಸ್ ಜಾಗಕ್ಕೆ ಕಳಿಸುತ್ತೇವೆ. ಹತ್ತು ನಿಮಿಷದ ಕೆಲಸ. ವಿಡಿಯೋ ನೋಡಿಕೊಂಡು ಮನೆಯಲ್ಲೇ ತಿರುಗಿಸಿಕೊಳ್ಳಬೇಡಿ, ಕಿವಿ ಯಾವುದೆಂದು ತಪ್ಪಿದರೆ ಉಪಯೋಗವಿಲ್ಲ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲಿನ ಬಲ ಕಡಿಮೆಯಾದರೆ, ವಿಪರೀತ ತಲೆನೋವು ಬಂದರೆ ನನ್ನ ಉತ್ತರಕ್ಕೆ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ. ಅದೇನೂ ಇಲ್ಲದಿದ್ದರೆ ಈ ವಾರವೇ ಕಿವಿಯ ಡಾಕ್ಟರರನ್ನು ಕಾಣಿ. ಹೋಗುವಾಗ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಸ್ಕೂಟರ್ ನೀವು ಓಡಿಸಬೇಡಿ.