ಮಿಷನ್ ಶಾಲೆಯ ಮಕ್ಕಳಿಂದ ಸಮುದಾಯ ಸೇವೆಯನ್ನು ಹೇಗೆ ನಡೆಸಬೇಕು?

ಯಾದಗಿರಿಯ ಮಿಷನ್ ಪ್ರೌಢಶಾಲೆಯೊಂದರಲ್ಲಿ ಸೇವಾ ಚಟುವಟಿಕೆಗಳ ಹೊಣೆ ತಮಗೆ ಬಂದಿದೆ, ಕ್ರಿಸ್‌ಮಸ್ ಹೊತ್ತಿಗೆ ಹಣ್ಣು, ಕಂಬಳಿ ಹಂಚುವುದರ ಆಚೆಗೆ ಏನು ಮಾಡಬಹುದು, ಬಹುಪಾಲು ಮಕ್ಕಳು ಕ್ರೈಸ್ತರಲ್ಲದಿರುವಾಗ ಅದನ್ನು ಹೇಗೆ ನಡೆಸಬೇಕು ಎಂದು ತಾವು ಕೇಳಿದ್ದೀರಿ. ಬೀದರಿನ ಇಂಥದೇ ಶಾಲೆಯೊಂದರಲ್ಲಿ ಈ ಕೆಲಸ ನೋಡಿಕೊಳ್ಳುವ ನನ್ನ ಅಭಿಪ್ರಾಯದಲ್ಲಿ, ಹತ್ತು ಕಡೆ ಒಂದೊಂದು ದಿನ ಹೋಗುವುದಕ್ಕಿಂತ ಒಂದೇ ಕಡೆಗೆ ಮತ್ತೆ ಮತ್ತೆ ಹೋಗುವುದು ಮೇಲು.

ಇದಕ್ಕೆ ಆಧಾರ ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿಯೇ ಇದೆ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಉಪಚರಿಸಿ ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರ್ಯನ ಕಥೆ ಹೇಳುವಾಗ ಗಾಯಕ್ಕೆ ಎಣ್ಣೆ ಹೊಯ್ದದ್ದನ್ನು ವಿಸ್ತರಿಸುವ ನಾವು, ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುತ್ತೇನೆ ಎಂದದ್ದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ಮರಳಿ ಬರುವ ಆ ಮಾತೇ ನಮಗೆ ಮಾದರಿ.

ಹತ್ತಿರದ ಹಳ್ಳಿಯ ಅಥವಾ ತಾಂಡಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ತಮ್ಮ ಎಂಟು, ಒಂಬತ್ತನೆಯ ತರಗತಿಯವರು ಚಿಕ್ಕ ಮಕ್ಕಳ ಪಕ್ಕದಲ್ಲಿ ಕುಳಿತು ಕನ್ನಡ ಓದಿಸಲಿ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ (ಗುರುಮಠಕಲ್ ಕಡೆ) ತೆಲುಗು ಆಡುವ ಮಕ್ಕಳಿಗೆ ಪಠ್ಯಪುಸ್ತಕದ ಕನ್ನಡ ಶಾಲೆಯಲ್ಲಿಯೇ ಆರಂಭವಾಗುವುದರಿಂದ ಅಲ್ಲಿ ನಿಜವಾದ ಅಗತ್ಯವಿರುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನಿರುವ ತಮ್ಮ ಲಂಬಾಣಿ ವಿದ್ಯಾರ್ಥಿಯೇ ಅಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾದವನಾಗುತ್ತಾನೆ. ಆದರೆ ಇದನ್ನೂ ನಾವೇ ತೀರ್ಮಾನಿಸಿಕೊಂಡು ಹೋಗದೆ, ಮೊದಲು ಮುಖ್ಯಗುರುಗಳನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಕಂಡು ಅವರಿಗೆ ಏನು ಬೇಕೆಂದು ಕೇಳಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಪಾಲಕರ ಒಪ್ಪಿಗೆ ಎರಡೂ ಲಿಖಿತವಾಗಿರಲಿ.

ಕೆಲಸವನ್ನು ಜುಲೈನಲ್ಲಿಯೇ ಆರಂಭಿಸಿ. ತೊಗರಿ ರಾಶಿ ಮುಗಿಯುತ್ತಿದ್ದಂತೆ ಅನೇಕ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತವೆ, ಆಮೇಲೆ ಪರೀಕ್ಷೆ ಮತ್ತು ಬಿಸಿಲು. ಡಿಸೆಂಬರಿನಲ್ಲಿ ಹೊರಡುವ ಯೋಜನೆಗೆ ಮಕ್ಕಳೇ ಸಿಗುವುದಿಲ್ಲ.

ಧರ್ಮದ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾಗಿದ್ದರೆ ಪಾಲಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಅಥವಾ ಪ್ರಾರ್ಥನೆಗೆ ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಪ್ರಾರ್ಥನೆಯೂ ಬೈಬಲ್ ಪಾಠವೂ ನಮ್ಮ ಶಾಲೆಯಲ್ಲಿ, ಇಷ್ಟವಿರುವವರಿಗೆ. ಸೇವೆಯ ಸ್ಥಳಕ್ಕೆ ಕರಪತ್ರವೂ ಹೋಗಬಾರದು. ಸಮಾರ್ಯನು ಗಾಯಗೊಂಡವನ ಮತವನ್ನು ಕೇಳಿರಲಿಲ್ಲ.

ಹಿಂದಿರುಗಿದ ವಾರದಲ್ಲಿಯೇ ಒಂದು ಪೀರಿಯಡ್ ಚರ್ಚೆಗೆ ಮೀಸಲಿಡಿ. ‘ಹೇಗನ್ನಿಸಿತು’ ಎಂದು ಕೇಳಿದರೆ ಎಲ್ಲರೂ ‘ಖುಷಿಯಾಯಿತು’ ಎನ್ನುತ್ತಾರೆ. ಆ ಊರಿನವರು ಏಕೆ ಗುಳೆ ಹೋಗುತ್ತಾರೆ ಎಂದು ಕೇಳಿದರೆ ಸಮಾಜ ವಿಜ್ಞಾನದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ. ಆಡಳಿತ ಮಂಡಳಿಯವರು ಬ್ಯಾನರ್, ಫೋಟೊ ಕೇಳಿಯೇ ಕೇಳುತ್ತಾರೆ. ಚಿಕ್ಕ ಮಕ್ಕಳ ಮುಖವನ್ನು ವಾಟ್ಸಾಪಿಗೆ ಹಾಕುವ ಬದಲು, ಜುಲೈನಲ್ಲಿ ಯಾವ ಮಗು ಅಕ್ಷರದಲ್ಲಿತ್ತು, ಡಿಸೆಂಬರಿನಲ್ಲಿ ವಾಕ್ಯಕ್ಕೆ ಬಂದಿದೆಯೇ ಎಂಬ ಪಟ್ಟಿಯನ್ನು ಹೆಸರುಗಳಿಲ್ಲದೆ ಅವರ ಮುಂದಿಡಿ.