ಕಸದ ಬುಟ್ಟಿಯಿಂದ ಎತ್ತಿಕೊಂಡ ಮಾತ್ರೆ

ಪ್ರಿಯ ಓದುಗರೇ, ನಮಸ್ಕಾರ.

ಹೆಸರು ಹಾಕಬೇಡಿ ಅಂತ ಕೇಳಿದ್ದೀರಿ. ಹಾಕಿಲ್ಲ. ಆದರೆ ನಿಮ್ಮ ಆರು ಪುಟದ ಕಾಗದದಲ್ಲಿರುವುದು ನಿಮ್ಮೊಬ್ಬರ ಕಷ್ಟ ಅಲ್ಲ. ಅದಕ್ಕೇ ಉತ್ತರವನ್ನು ಅಂಚೆಯಲ್ಲಿ ಕಳಿಸದೆ ಇಲ್ಲಿ ಬರೆಯುತ್ತಿದ್ದೇನೆ. ಉಳಿದವರಿಗೂ ಅರ್ಥವಾಗಲಿ ಅಂತ ಮೊದಲು ನಿಮ್ಮ ಮಾತನ್ನೇ ಚಿಕ್ಕದಾಗಿ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ನಿಮ್ಮ ಅಮ್ಮ ತೀರಿಕೊಂಡರು. ಆಮೇಲೆ ಶುರುವಾಯಿತು: ಕೂತಲ್ಲೇ ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಈಗಲೇ ಪ್ರಾಣ ಹೋಗುತ್ತದೆ ಅನ್ನುವ ಭಯ. ಡಾಕ್ಟರು ಆತಂಕ ತಗ್ಗಿಸುವ ಅಲ್ಪ್ರಜೋಲಾಮ್ ಅನ್ನುವ ಮಾತ್ರೆ, 0.5 ಮಿಲಿಗ್ರಾಂನದು, ಬರೆದುಕೊಟ್ಟರು, ರಾತ್ರಿ ಒಂದು. ಮೊದಲ ರಾತ್ರಿಯೇ ನಿದ್ದೆ ಬಂತು. ವರ್ಷ ಕಳೆದ ಮೇಲೆ ಬೆಳಗಿನ ಜಾವ ಎದೆ ಹೊಡೆದುಕೊಳ್ಳುತ್ತಾ ಎಚ್ಚರವಾಗತೊಡಗಿತು. ಬೆಳಿಗ್ಗೆಗೂ ಒಂದು ಸೇರಿತು. ಹೋದ ತಿಂಗಳು ನಿಮ್ಮ ಯಜಮಾನರು "ಇದು ಚಟ, ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು" ಅಂದರು. ನೀವು ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಹಾಕಿದಿರಿ. ಮೊದಲ ದಿನ ಏನೂ ಆಗಲಿಲ್ಲ, ಗೆದ್ದೆ ಅಂದುಕೊಂಡಿರಿ. ಎರಡನೇ ದಿನ ಕೈ ನಡುಗಿತು, ಬೆವರಿತು, ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಚುಚ್ಚಿತು. ಮೂರನೇ ರಾತ್ರಿ ತಡೆಯಲಾಗದೆ ಬುಟ್ಟಿಗೆ ಕೈ ಹಾಕಿ ಮಾತ್ರೆ ಹುಡುಕಿದಿರಿ. ನುಂಗಿದ ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಯಿತು. "ಆಗ ಅತ್ತಷ್ಟು ಅಮ್ಮ ಹೋದಾಗಲೂ ಅತ್ತಿರಲಿಲ್ಲ. ಕಸದಿಂದ ಎತ್ತಿ ತಿನ್ನುವ ಮಟ್ಟಕ್ಕೆ ಇಳಿದೆನಲ್ಲ" ಅಂತ ಬರೆದಿದ್ದೀರಿ.

ಆ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ಬುಟ್ಟಿಗೆ ಹೋದ ಆ ಕೈಯ ಬಗ್ಗೆ ನಾಚಿಕೆ ಬೇಡ. ಮೂರು ವರ್ಷ ತೆಗೆದುಕೊಂಡ ಈ ಜಾತಿಯ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಗಲಿಬಿಲಿ ಆಗಬಹುದು, ಪ್ರಾಣಕ್ಕೇ ಅಪಾಯ ಆಗಬಹುದು. ಅವತ್ತು ರಾತ್ರಿ ನಿಮ್ಮ ದೇಹ ಕೇಳಿದ್ದು ಮಜಾ ಅಲ್ಲ, ರಕ್ಷಣೆ. ತಪ್ಪು ನಡೆದದ್ದು ಸ್ಟ್ರಿಪ್ ಎತ್ತಿಕೊಂಡಾಗ ಅಲ್ಲ, ಎಸೆದಾಗ. ಎಸೆಯಬಾರದು ಅಂತ ನಿಮಗೆ ಯಾರೂ ಹೇಳಿರಲಿಲ್ಲ, ಅಲ್ವಾ?

ನಾನು ಡಾಕ್ಟರಲ್ಲ. ಆದರೆ ನನ್ನ ಸ್ವಂತ ಅಕ್ಕ ಇದೇ ದಾರಿಯಲ್ಲಿ ನಡೆದು ಬಂದವಳು, ಪಕ್ಕದಲ್ಲಿ ನಾನಿದ್ದೆ. ಅವಳ ಮಾತು ಆಮೇಲೆ ಹೇಳುತ್ತೇನೆ.

"ನಾನು ಚಟಕ್ಕೆ ಬಿದ್ದಿದ್ದೇನಾ?" ಅಂತ ಕೇಳಿದ್ದೀರಿ. ನಿಮ್ಮ ಕಾಗದ ಓದಿದ ಮಟ್ಟಿಗೆ, ಇಲ್ಲ. ಚಟ ಅಂದರೆ ಹಾಳಾಗುತ್ತಿದ್ದೇನೆ ಅಂತ ಗೊತ್ತಿದ್ದೂ ಅದರ ಹಿಂದೆಯೇ ಓಡುವುದು, ಸುಳ್ಳು ಹೇಳಿ, ಹೇಳಿದ್ದಕ್ಕಿಂತ ಜಾಸ್ತಿ ನುಂಗುವುದು. ನೀವು ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಮಾತ್ರೆಯನ್ನೂ ಹೆಚ್ಚು ತೆಗೆದುಕೊಂಡವರಲ್ಲ. ನಿಮ್ಮದು ದೇಹ ಮಾತ್ರೆಗೆ ಒಗ್ಗಿಹೋದ ಸ್ಥಿತಿ. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರೂ ಅದನ್ನು ತಟ್ಟನೆ ನಿಲ್ಲಿಸುವಂತಿಲ್ಲ. ಅವರನ್ನು ಯಾರಾದರೂ ಚಟಗಾರರು ಅನ್ನುತ್ತಾರಾ?

ಒಗ್ಗುವುದು ಹೇಗೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಮಿದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ. ನರಗಳ ಗದ್ದಲವನ್ನು ತಣ್ಣಗೆ ಮಾಡುವುದು ಅದರ ಕೆಲಸ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಾಜೆಪಾಮ್ ಎಲ್ಲವೂ ಬೆಂಜೋಡಯಾಜೆಪೀನ್ ಅನ್ನುವ ಒಂದೇ ಮನೆತನದವು. ಇವು ಗಾಬಾದ ಕೈಗೆ ಇನ್ನಷ್ಟು ಬಲ ಕೊಡುತ್ತವೆ. ಆದರೆ ಕೆಲಸಕ್ಕೆ ದಿನಾ ಒಬ್ಬರು ಬಂದು ಕೈ ಹಾಕುತ್ತಿದ್ದರೆ ನಾವೇ ಮಾಡುವುದು ಕಡಿಮೆಯಾಗುತ್ತದಲ್ಲ, ಹಾಗೆ ಮಿದುಳೂ ತನ್ನ ಪಾಲಿನ ಕೆಲಸ ತಗ್ಗಿಸುತ್ತದೆ. ಗಾಬಾದ ಮಾತಿಗೆ ಮೊದಲಿನಷ್ಟು ಓಗೊಡುವುದಿಲ್ಲ. ಇದು ವರ್ಷಗಟ್ಟಲೆ ತೆಗೆದುಕೊಂಡರೆ ಮಾತ್ರ ಆಗುವುದೂ ಅಲ್ಲ, ದಿನಾ ತೆಗೆದುಕೊಂಡರೆ ಕೆಲವೇ ವಾರ ಸಾಕು. ಆಮೇಲೆ ಒಂದು ದಿನ ಸಹಾಯದ ಕೈ ಇದ್ದಕ್ಕಿದ್ದಂತೆ ಹೊರಟುಹೋದರೆ ಮನೆಯೆಲ್ಲ ಅಲ್ಲೋಲಕಲ್ಲೋಲ. ಆ ಮೂರನೇ ರಾತ್ರಿ ನಡೆದದ್ದು ಅದೇ.

ಮೊದಲ ದಿನ ಏನೂ ಆಗಲಿಲ್ಲ ಅನ್ನುವುದಕ್ಕೂ ಲೆಕ್ಕ ಇದೆ. ಅಲ್ಪ್ರಜೋಲಾಮ್ ಸುಮಾರು 11 ತಾಸಿಗೆ ದೇಹದಲ್ಲಿ ಅರ್ಧಕ್ಕೆ ಇಳಿಯುತ್ತದೆ. 22 ತಾಸಿಗೆ ಕಾಲು ಭಾಗ. ಎರಡು ದಿನ ಕಳೆಯುವ ಹೊತ್ತಿಗೆ ಇಪ್ಪತ್ತರಲ್ಲಿ ಒಂದು ಪಾಲು ಉಳಿದಿರುತ್ತದೆ, ಅಷ್ಟೆ. ನೀವು ಗೆದ್ದೆ ಅಂದುಕೊಂಡ ದಿನ ಮಾತ್ರೆ ಇನ್ನೂ ಒಳಗೇ ಇತ್ತು.

ಬೆಳಗಿನ ಜಾವದ ಆ ಡವಡವ ಕೂಡ ಬಹುಶಃ ಇದೇ ಲೆಕ್ಕದ್ದು. ರಾತ್ರಿಯ ಮಾತ್ರೆ ಇಳಿಯುತ್ತಾ ಬಂದಾಗ ದೇಹ ಮುಂದಿನದನ್ನು ಕೇಳುತ್ತದೆ. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು ಬೆಳಿಗ್ಗೆಗೂ ಒಂದು ಸೇರಿಸಿದರು. ನಿಮ್ಮ ಎರಡನೇ ಪ್ರಶ್ನೆ, "ಹಳೇ ಕಾಯಿಲೆ ವಾಪಸ್ ಬಂತಾ?" ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಮಾತ್ರೆ ನಿಲ್ಲಿಸಿದ ಎರಡೇ ದಿನಕ್ಕೆ ನಡುಕ, ಬೆವರು, ಬೆಳಕು ಸದ್ದು ಸಹಿಸದಿರುವುದು, ಮೈಕೈ ಬಿಗಿತ, ಸುತ್ತಲಿನದು ನಿಜವಲ್ಲವೇನೋ ಅನ್ನಿಸುವುದು ಇವೆಲ್ಲ ಬಂದರೆ ಅದು ಮುಖ್ಯವಾಗಿ ಮಾತ್ರೆ ಬಿಟ್ಟದ್ದರ ಫಲ. ಹಳೇ ಆತಂಕ ಮರಳುವುದಾದರೆ ಸಾಮಾನ್ಯವಾಗಿ ನಿಧಾನವಾಗಿ, ತನ್ನ ಹಳೇ ಮುಖದಲ್ಲೇ ಬರುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಯಾವುದು ಯಾವಾಗ ಬಂತು ಅಂತ ಬರೆದಿಟ್ಟುಕೊಂಡರೆ ಬೇರೆ ಮಾಡುವುದು ಸುಲಭ.

"ಡಾಕ್ಟರು ನನಗೆ ಮೋಸ ಮಾಡಿದರಾ?" ಅಂತಲೂ ಕೇಳಿದ್ದೀರಿ. ಮೋಸ ಅನ್ನುವ ಮಾತು ನನ್ನಿಂದ ಬರುವುದಿಲ್ಲ. ಆದರೆ ಸಿಟ್ಟು ಇದೆ. ಈ ಮನೆತನದ ಮೊದಲ ಮಾತ್ರೆ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ಡಯಾಜೆಪಾಮ್ 1963ರಲ್ಲಿ. ಅದಕ್ಕೂ ಮುಂಚೆ ಇದ್ದ ಬಾರ್ಬಿಚುರೇಟ್ ಮಾತ್ರೆಗಳು ಸ್ವಲ್ಪ ಜಾಸ್ತಿಯಾದರೂ ಪ್ರಾಣ ತೆಗೆಯುತ್ತಿದ್ದವು. ಇವು ಅಷ್ಟು ಅಪಾಯದವಲ್ಲ ಅಂತ ಡಾಕ್ಟರುಗಳು ನಿರಾಳವಾಗಿ ಬರೆದರು. ಆದರೆ 1988ರಲ್ಲೇ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಆತಂಕಕ್ಕೆ ಇವನ್ನು ಎರಡರಿಂದ ನಾಲ್ಕು ವಾರ ಮಾತ್ರ ಕೊಡಿ ಅಂದಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಜಾತಿಯ ಎಲ್ಲ ಮಾತ್ರೆಗಳ ಮೇಲೂ ದೇಹ ಒಗ್ಗಿಹೋಗುವ ಬಗ್ಗೆ, ತಟ್ಟನೆ ಬಿಟ್ಟರೆ ಆಗುವ ಅಪಾಯದ ಬಗ್ಗೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ಆ ದುಃಖದ ಹೊತ್ತಿನಲ್ಲಿ ನಿಮಗೆ ನಿದ್ದೆ ಕೊಟ್ಟದ್ದು ತಪ್ಪಲ್ಲ. "ಇದು ಕೆಲವು ವಾರಕ್ಕೆ ಮಾತ್ರ, ನಿಲ್ಲಿಸುವಾಗ ನನ್ನ ಹತ್ತಿರ ಬನ್ನಿ" ಅನ್ನುವ ಒಂದು ಸಾಲು ಹೇಳದೇ ಹೋದದ್ದು ತಪ್ಪು. ಆ ಒಂದು ಸಾಲಿಗೆ ನೀವು ಮೂರು ವರ್ಷ ತೆತ್ತಿದ್ದೀರಿ.

ಈಗ ಬಿಡುವ ವಿಷಯ. ಜೀವನ ಪೂರ್ತಿ ನುಂಗಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಹತ್ತು, ಇಪ್ಪತ್ತು ವರ್ಷ ತೆಗೆದುಕೊಂಡವರೂ ಬಿಟ್ಟಿದ್ದಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಅನ್ನುವ ವೈದ್ಯೆ 1982ರಿಂದ 1994ರವರೆಗೆ ಇಂಥವರಿಗೆ ಅಂತಲೇ ಕ್ಲಿನಿಕ್ ನಡೆಸಿದರು. ರೋಗಿಗಳ ಮಾತು ಕೇಳಿಸಿಕೊಂಡೇ ಅವರು ದಾರಿ ಹುಡುಕಿದ್ದು. ಅವರು ಪದೇ ಪದೇ ಹೇಳಿದ್ದು ಎರಡು ಮಾತು: ನಿಧಾನವಾಗಿ ಇಳಿಸಿ, ವೇಗವನ್ನು ರೋಗಿಯೇ ನಿರ್ಧರಿಸಲಿ.

ನಿಧಾನ ಅಂದರೆ ಎಷ್ಟು? ಅಮೆರಿಕದ ವೈದ್ಯ ಸಂಘಗಳು ಸೇರಿ 2025ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಶುರುವಿನಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಇಳಿಸುವುದನ್ನು ಯೋಚಿಸಬೇಕು. ಸಾಮಾನ್ಯವಾಗಿ ಎರಡು ವಾರದಲ್ಲಿ ಶೇಕಡಾ 25 ದಾಟಬಾರದು. ನಿಮ್ಮ ಲೆಕ್ಕಕ್ಕೆ ಹಾಕಿ ನೋಡೋಣ. ದಿನಕ್ಕೆ 1 ಮಿಲಿಗ್ರಾಂ. ಒಂದು ಮಾತ್ರೆಯನ್ನು ಅರ್ಧ ಮಾಡಿ ಅರ್ಧ ಬಿಟ್ಟರೆ ಒಮ್ಮೆಲೇ ಕಾಲು ಭಾಗ ಇಳಿಸಿದ ಹಾಗೆ. ನೋಡುವುದಕ್ಕೆ ಅರ್ಧ ಮಾತ್ರೆ ಏನೂ ಅಲ್ಲ ಅನ್ನಿಸುತ್ತದೆ, ದೇಹಕ್ಕೆ ಅದು ದೊಡ್ಡ ಜಿಗಿತ. ಪ್ರತಿ ಸಲವೂ ಆಗ ಇರುವ ಡೋಸಿನ ಹತ್ತರಲ್ಲಿ ಒಂದು ಪಾಲು ಅಂತ ಇಳಿಸಿದರೆ ಆರು ಸಲ ಇಳಿಸಿದ ಮೇಲೂ ಅರ್ಧಕ್ಕಿಂತ ಚೂರು ಮೇಲೆಯೇ ಇರುತ್ತೀರಿ. ತಿಂಗಳಿಗೊಂದು ಸಲ ಅಂದರೆ ಅಲ್ಲಿಗೇ ಆರು ತಿಂಗಳು. ಇದನ್ನು ಕೇಳಿ ಎದೆ ಒಡೆದುಕೊಳ್ಳಬೇಡಿ. ಆ ಆರು ತಿಂಗಳು ನೀವು ಕೆಲಸಕ್ಕೆ ಹೋಗಬಹುದು, ಮಕ್ಕಳ ಜೊತೆ ಕೂರಬಹುದು.

ಅಷ್ಟು ಸಣ್ಣ ಪಾಲು ಮಾಡುವುದು ಹೇಗೆ ಅನ್ನುವುದೇ ದೊಡ್ಡ ತೊಡಕು. ಇಲ್ಲಿ ಅಕ್ಕನ ಮಾತು ಬರುತ್ತದೆ.

ಅವಳದು ಲೋರಜೆಪಾಮ್. ಮೊದಲು ತೋರಿಸಿದ ಡಾಕ್ಟರು ಎರಡೇ ವಾರದಲ್ಲಿ ಬಿಡಿಸಲು ಹೋದರು, ಆಗಲಿಲ್ಲ. ಆಮೇಲೆ ಅವಳೇ ಮನೆಯಲ್ಲಿ ಶುರು ಮಾಡಿದಳು. ರಾತ್ರಿ ಬಿಳಿ ಕಾಗದ ಹಾಸಿ, ಹೊಸ ಬ್ಲೇಡಿನಿಂದ ಮಾತ್ರೆಯನ್ನು ನಾಲ್ಕು ಮಾಡುತ್ತಿದ್ದಳು. ನಾಲ್ಕೂ ಒಂದೇ ಸಮ ಆಗುತ್ತಿರಲಿಲ್ಲ. ಒಂದು ದಪ್ಪ, ಒಂದು ಚಕ್ಕೆ, ಉಳಿದದ್ದು ಪುಡಿ. ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕುತ್ತಿದ್ದಳು. ಚೆನ್ನಾಗಿದ್ದ ದಿನ ಚಿಕ್ಕ ಚೂರು, ಕಷ್ಟದ ದಿನ ದೊಡ್ಡ ಚೂರು. ಮಿತವಾಗಿ ನಡೆಸುತ್ತಿದ್ದೇನೆ ಅಂತ ಅವಳ ಎಣಿಕೆ. ಎರಡು ತಿಂಗಳಾದರೂ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಕೊನೆಗೆ ಒಬ್ಬ ಮನೋವೈದ್ಯರು ಅವಳ ನೋಟ್‌ಬುಕ್ ನೋಡಿ ಹೇಳಿದರು: "ನಿಮ್ಮ ಮಿದುಳಿಗೆ ದಿನಾ ಬೇರೆ ಬೇರೆ ಲೆಕ್ಕ ಕೊಡುತ್ತಿದ್ದೀರಿ. ಅದು ಯಾವುದಕ್ಕೆ ಹೊಂದಿಕೊಳ್ಳಬೇಕು?" ಅವತ್ತಿನಿಂದ ದಿನಾ ಒಂದೇ ಅಳತೆ, ಒಂದೇ ಹೊತ್ತು. ಕಷ್ಟವಾದರೆ ಅದೇ ಮೆಟ್ಟಿಲಲ್ಲಿ ಇನ್ನೂ ಎರಡು ವಾರ ನಿಲ್ಲುವುದು. ಪೂರ್ತಿ ಬಿಡುವುದಕ್ಕೆ 14 ತಿಂಗಳು ಹಿಡಿಯಿತು.

ಆದ್ದರಿಂದ ಬ್ಲೇಡು ಹಿಡಿದು ಒಬ್ಬರೇ ಶುರು ಮಾಡಬೇಡಿ. ಮನೋವೈದ್ಯರ ಹತ್ತಿರ ಹೋಗಿ. ಕಡಿಮೆ ಡೋಸಿನ ಮಾತ್ರೆ ಬರೆಯಬಹುದು. ಅಥವಾ ಡಯಾಜೆಪಾಮ್‌ನಂಥ, ದೇಹದಲ್ಲಿ ಬಹಳ ಹೊತ್ತು ಉಳಿಯುವ ಮಾತ್ರೆಗೆ ನಿಧಾನವಾಗಿ ಬದಲಿಸಿ, ಅಲ್ಲಿಂದ ಇಳಿಸಬಹುದು. ಆಗ ಬೆಳಗಿನ ಜಾವದ ಆ ಏರಿಳಿತವೂ ತಗ್ಗುತ್ತದೆ. ಈ ಬದಲಾವಣೆಯ ಲೆಕ್ಕ ಡಾಕ್ಟರೇ ಹಾಕಬೇಕು. ಒಂದರ 0.5 ಇನ್ನೊಂದರ 0.5ಕ್ಕೆ ಸಮವಲ್ಲ. ಇನ್ನೊಂದು ಮಾತು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿಯಲೇಬಾರದು. ನಿಮ್ಮದು ಅದಾ ಅಂತ ಕೇಳಿ ನೋಡಿ.

"ಎರಡು ವಾರದಲ್ಲಿ ನಿಲ್ಲಿಸಿ" ಅನ್ನುವ ಡಾಕ್ಟರು ಸಿಕ್ಕರೆ ನಿಮ್ಮ ಆ ಮೂರು ದಿನದ ಕಥೆಯನ್ನು ಅವರಿಗೆ ಹೇಳಿ. ಬೇಕಾದರೆ ಈ ಉತ್ತರವನ್ನೇ ತೋರಿಸಿ. ಆದರೂ ಕೇಳದಿದ್ದರೆ ಇನ್ನೊಬ್ಬರನ್ನು ನೋಡಿ. ಇದರಲ್ಲಿ ಸಂಕೋಚ ಬೇಡ. ತಿಳಿದುಕೊಂಡವರು ಬಿಡಬಲ್ಲರು ಅನ್ನುವುದಕ್ಕೆ ಕೆನಡಾದ ಕ್ವಿಬೆಕ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 65 ದಾಟಿದವರ ಕೈಗೆ ಈ ಮಾತ್ರೆಯ ಅಪಾಯ ಏನು, ಹಂತ ಹಂತವಾಗಿ ಇಳಿಸುವುದು ಹೇಗೆ ಅಂತ ವಿವರಿಸುವ ಒಂದು ಪುಸ್ತಿಕೆ ಕೊಟ್ಟರು. ಆರು ತಿಂಗಳಲ್ಲಿ ಅವರಲ್ಲಿ ಶೇಕಡಾ 27 ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇಕಡಾ 5.

ಒಂದು ವಾರ ಹಗುರ, ಆಮೇಲೆ ಮೂರು ದಿನ ಭಾರ, ಹೀಗೆ ಅಲೆಯ ಹಾಗೆ ಬಂದು ಹೋಗುತ್ತದೆ. ಭಾರದ ದಿನ ಬಂತು ಅಂದರೆ ಸೋತಿರಿ ಅಂತಲ್ಲ. ಆದರೆ ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಅಥವಾ ಕೇಳಿಸಿದರೆ, ದಿಕ್ಕು ತೋಚದಷ್ಟು ಗಲಿಬಿಲಿಯಾದರೆ, ಬದುಕು ಸಾಕು ಅನ್ನಿಸಿದರೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು. ನಿದ್ದೆ ಬರಲಿ ಅಂತ ಮದ್ಯ ಮುಟ್ಟಬೇಡಿ, ಈ ಮಾತ್ರೆಯ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಮಾರ್ಫಿನ್ ಜಾತಿಯ ನೋವಿನ ಮಾತ್ರೆಗಳೂ ಹಾಗೆಯೇ. ಬೇರೆ ಯಾವ ಡಾಕ್ಟರು ಏನೇ ಬರೆದುಕೊಟ್ಟರೂ ಇದನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ಮೊದಲು ಹೇಳಿ.

ಮತ್ತೆ ಅಮ್ಮನ ವಿಷಯ. ಆರು ಪುಟದಲ್ಲಿ ಅವರ ಬಗ್ಗೆ ಬರೆದದ್ದು ಎರಡೇ ಸಾಲು. ಮಾತ್ರೆ ಶುರುವಾದದ್ದು ಆ ದುಃಖಕ್ಕೆ, ಆ ದುಃಖದ ಬಗ್ಗೆ ಇನ್ನೂ ಯಾರ ಹತ್ತಿರವೂ ಮಾತಾಡಿಲ್ಲ ಅನ್ನಿಸಿತು. ಡೋಸ್ ಇಳಿಸುವುದರ ಜೊತೆಗೇ ಒಬ್ಬ ಆಪ್ತಸಮಾಲೋಚಕರ ಹತ್ತಿರ ಕೂತು ಮಾತಾಡಿ. ಭಯ ಬಂದಾಗ ಅದರ ಜೊತೆ ಹೇಗೆ ಇರಬೇಕು ಅಂತ ಕಲಿಸುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. ಅದು ಜೊತೆಗಿದ್ದರೆ ಬಿಡುವುದು ಸುಲಭವಾಗುತ್ತದೆ.

ಯಜಮಾನರಿಗೆ ಒಂದು ಮಾತು. ಸಾರ್, ನೀವು ಅಂದದ್ದು ಕಾಳಜಿಯಿಂದಲೇ ಅಂತ ನಂಬುತ್ತೇನೆ. ಆದರೆ ಇದು ಮನಸ್ಸು ಗಟ್ಟಿ ಮಾಡಿ ಬಿಡುವಂಥದ್ದಲ್ಲ. "ಇನ್ನೂ ಎಷ್ಟು ದಿನ?" ಅಂತ ದಯವಿಟ್ಟು ಕೇಳಬೇಡಿ. ರಾತ್ರಿ ಮೂರು ಗಂಟೆಗೆ ಅವರು ಎದ್ದು ಕೂತರೆ ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಅಕ್ಕನ ಮನೆಯಲ್ಲಿ ಭಾವ ಮಾಡಿದ್ದು ಅಷ್ಟೆ, ಅವಳು ಇವತ್ತಿಗೂ ನೆನೆಸಿಕೊಳ್ಳುವುದು ಅದನ್ನೇ.

ಕೊನೆಗೆ, ನಾಲ್ಕನೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು: "ಕಿವಿಯೊಳಗೆ ಕುಯ್ಯ್ ಅಂತ ಸದ್ದು. ಇದೂ ಅದರದ್ದೇನಾ? ಹೋಗುತ್ತಾ?" ಅದರದ್ದೇ ಇರಬಹುದು, ಈ ಮಾತ್ರೆ ಬಿಡುವಾಗ ಅದು ಬಹಳ ಜನಕ್ಕೆ ಬರುತ್ತದೆ. ಆದರೂ ಕಿವಿಯ ಡಾಕ್ಟರಿಗೆ ಒಮ್ಮೆ ತೋರಿಸಿಬಿಡಿ. ಸಾಮಾನ್ಯವಾಗಿ ಅದು ನಿಧಾನವಾಗಿ ತಗ್ಗುತ್ತದೆ. ಅಕ್ಕನಿಗೂ ಇತ್ತು. ನೋಟ್‌ಬುಕ್ಕಿನಲ್ಲಿ ದಿನಾ "ಕಿವಿ" ಅಂತ ಬರೆದು ಮುಂದೆ ಗೀಟು ಎಳೆಯುತ್ತಿದ್ದಳು, ಜಾಸ್ತಿ ಇದ್ದರೆ ಮೂರು ಗೀಟು, ಕಡಿಮೆ ಇದ್ದರೆ ಒಂದು. ಒಂಬತ್ತನೇ ತಿಂಗಳಲ್ಲಿ ಒಂದು ಪುಟದಲ್ಲಿ ಗೀಟು ಇಲ್ಲ, "ಕಿವಿ" ಅನ್ನುವ ಪದವೂ ಇಲ್ಲ. ಬರೆಯುವುದಕ್ಕೇ ಮರೆತಿದ್ದಳು.

ಇಂತು,
ಸಂಪಾದಕಿ