ಮೂರೇ ಬಂಧ, ಹೆಚ್ಚು ಬಿಗಿ

ಪ್ರಶ್ನೆ: ಸೈಟೊಸಿನ್‌ಗೆ ಮೀಥೈಲ್ ಗುಂಪು ಸೇರಿಸಿದ ಡಿಎನ್‌ಎ ತುಣುಕಿನ ಎಳೆಗಳು, ಸಾಮಾನ್ಯ ತುಣುಕಿನವುಗಳಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಬೇರ್ಪಟ್ಟವು. ಸೈಟೊಸಿನ್ ಮತ್ತು ಅದರ ಜೋಡಿ ಗ್ವಾನಿನ್ ನಡುವಿನ ಹೈಡ್ರೋಜನ್ ಬಂಧಗಳು ಆಗಲೂ ಮೂರೇ ಅಲ್ಲವೇ?
– ಸ್ನಾತಕೋತ್ತರ ವಿದ್ಯಾರ್ಥಿನಿ, ಮಲ್ಲೇಶ್ವರಂ, ಬೆಂಗಳೂರು

ಉತ್ತರ: ಬಂಧಗಳು ಮೂರೇ. ಆದರೆ ಎಳೆಗಳನ್ನು ಹಿಡಿದಿಡುವಲ್ಲಿ, ತಟ್ಟೆಯಲ್ಲಿ ಪೇರಿಸಿದ ದೋಸೆಗಳಂತೆ ಒಂದರ ಮೇಲೊಂದು ಕುಳಿತ ಪ್ರತ್ಯಾಮ್ಲಗಳ (ಸೈಟೊಸಿನ್, ಗ್ವಾನಿನ್, ಅಡೆನಿನ್, ಥೈಮಿನ್ ಎಂಬ ಡಿಎನ್‌ಎ ಘಟಕಗಳ) ನಡುವಿನ ಆಕರ್ಷಣೆಯ ಪಾಲು, ತರಗತಿಯಲ್ಲಿ ನಾವು ಸಾಮಾನ್ಯವಾಗಿ ಹೇಳುವುದಕ್ಕಿಂತ ದೊಡ್ಡದು. ಸೈಟೊಸಿನ್‌ನ 5ನೇ ಇಂಗಾಲಕ್ಕೆ ಅಂಟಿದ ಮೀಥೈಲ್ ಗುಂಪು, ಸುರುಳಿಯ ದೊಡ್ಡ ತೋಡಿನತ್ತ ಚಾಚಿಕೊಂಡು, ಗ್ವಾನಿನ್ ಜೊತೆಗಿನ ಜೋಡಣೆಗೆ ಅಡ್ಡಿಯಾಗದೆ, ಈ ಪೇರಿಕೆಯನ್ನು ಬಿಗಿಗೊಳಿಸುತ್ತದೆ.

ಬಂಧಗಳ ಸಂಖ್ಯೆಯೇ ಬದಲಾಗುವುದೂ ಉಂಟು. ಅಡೆನಿನ್ ಬದಲಿಗೆ 2,6-ಡೈಅಮಿನೊಪ್ಯೂರಿನ್ ಎಂಬ ಪ್ರತ್ಯಾಮ್ಲವಿದ್ದರೆ ಥೈಮಿನ್ ಜೊತೆ ಎರಡರ ಜಾಗದಲ್ಲಿ ಮೂರು ಬಂಧಗಳಾಗುತ್ತವೆ. ಎಸ್-2ಎಲ್ ಎಂಬ ವೈರಸ್ಸಿನ ಡಿಎನ್‌ಎ ಇರುವುದೇ ಹಾಗೆ. ಗ್ವಾನಿನ್‌ನ ಅಮಿನೊ ಗುಂಪಿಲ್ಲದ ಹೈಪೊಕ್ಸಾಂಥಿನ್‌ಗಾದರೋ ಸೈಟೊಸಿನ್ ಜೊತೆ ಎರಡೇ ಬಂಧ, ಆದ್ದರಿಂದ ಜೋಡಿ ಸಡಿಲ. ಅಂದಹಾಗೆ, ಎರಡೂ ತುಣುಕುಗಳ ದ್ರಾವಣದಲ್ಲಿ ಉಪ್ಪಿನ ಪ್ರಮಾಣ ಒಂದೇ ಇತ್ತೇ ಎಂದು ನೋಡಿಕೊಳ್ಳಿ; ಉಪ್ಪು ಹೆಚ್ಚಿದರೂ ಎಳೆಗಳು ಬೇರ್ಪಡುವ ಉಷ್ಣತೆ ಏರುತ್ತದೆ.